ಅವಳು ನಿಂತರೂ ನಿಲ್ಲದ ರಸ್ತೆ

"ಅದನ್ನ ನನ್ನ ಮುಖಕ್ಕೆ ತರಬೇಡಿ!"

ತನುಜಾ ಕೂಗಿದ ರಭಸಕ್ಕೆ ಮಧುಕೇಶ್ವರನ ಕೈಯಲ್ಲಿದ್ದ ವಿ.ಆರ್. ಹೆಡ್‌ಸೆಟ್ ಜಾರಿ ಬೀಳುವುದರಲ್ಲಿತ್ತು. ಅವನು ಅದನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ತಪ್ಪಾತ್ರಿ... ಮೊದ್ಲು ಕೇಳ್ಬೇಕಿತ್ತು."

"ಕಣ್ಣು ಮುಚ್ಚಿದ್ರೆ ಕಾಲು ನೋಯೂದಿಲ್ಲ ಅಂತ ಯಾರು ಹೇಳಿದ್ದು ನಿಮ್ಗೆ?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದು ಸಿಟ್ಟಿನದೋ ನೋವಿನದೋ ಅವಳಿಗೇ ತಿಳಿದಿರಲಿಲ್ಲ.

ಅದು ಶಿರಸಿಯಲ್ಲಿ ಡಾಕ್ಟರ್ ಅಭಿಜ್ಞಾ ನಡೆಸುವ ಫಿಸಿಯೋಥೆರಪಿ ಕೇಂದ್ರ. ಗೋಡೆಯ ಪಕ್ಕ ಒಂದು ವ್ಯಾಯಾಮದ ಸೈಕಲ್ಲು, ಅದರ ಪೆಡಲ್ ಬಿಗಿ ಮಾಡಲು ಒಂದು ಗುಂಡಿ. ಎಷ್ಟು ತುಳಿದರೂ ಇದ್ದಲ್ಲೇ ಇರುವ ಆ ಸೈಕಲ್ಲನ್ನು ಕಂಡರೆ ತನುಜಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಅವಳು ನಿಲ್ಕುಂದದ ಅಂಚೆಯವಳು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಏಳು ವರ್ಷ ಮನೆಮನೆಗೆ ಟಪಾಲು ಮುಟ್ಟಿಸಿದವಳು. ಡಿಸೆಂಬರಿನ ಒಂದು ಬೆಳಿಗ್ಗೆ ಇಳಿಜಾರಿನ ಜಲ್ಲಿಯ ಮೇಲೆ ಸೈಕಲ್ ಜಾರಿತು. ಬಲಮಂಡಿಯ ಚಿಪ್ಪು ಎರಡು ಹೋಳಾಯಿತು. ತಂತಿ ಬಿಗಿದು ಕೂಡಿಸಿದರು. ಮೂಳೆಯೇನೋ ಕೂಡಿಕೊಂಡಿತು, ಮಂಡಿ ಮಾತ್ರ ಮಡಚಲು ಒಪ್ಪಲಿಲ್ಲ.

ಏಪ್ರಿಲ್ ಒಂದಕ್ಕೆ ಅವಳ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಸೈಕಲ್ ಹತ್ತಲಾಗದಿದ್ದರೆ ಆ ಚೀಲ ಬೇರೆಯವರ ಪಾಲು!

ಕಾಲು ಮುರಿದದ್ದಕ್ಕಿಂತ ಅವಳನ್ನು ಹೆಚ್ಚು ನೋಯಿಸಿದ್ದು ಜನರ ಸಿಹಿ ಸುಳ್ಳುಗಳು. ಮೂರೇ ವಾರ ಎಂದಿದ್ದರು ಆಸ್ಪತ್ರೆಯಲ್ಲಿ. "ನೀ ಮೊದ್ಲಿನ ಹಂಗೇ ಓಡಾಡ್ತೆ ಮಗಾ" ಎನ್ನುತ್ತ ತಾಯಿ ಚೌಡಮ್ಮ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಶ್ಚಯವಾಗಿದ್ದ ಗಂಡಿನ ಮನೆಯವರು "ಎಂತ ಗಡಿಬಿಡಿ ಇಲ್ಲ, ಹುಷಾರಾಗ್ಲಿ" ಎಂದು ಹೋದವರು ಹದಿನೈದು ದಿನದಲ್ಲಿ ಬೇರೆ ಹುಡುಗಿಗೆ ಹೂ ಮುಡಿಸಿದ್ದರು.

ಸೈಕಲ್ ಮೇಲೆ ಕೂತರೆ ಅವಳ ಕಣ್ಣು ಮಂಡಿಯ ಮೇಲೇ ಇರುತ್ತಿತ್ತು. 'ಈಗ ಒಡೀತದೆ... ಈಗ ಒಡೀತದೆ...' ಮೂರು ನಿಮಿಷಕ್ಕೆ ಬೆವೆತು ಇಳಿದುಬಿಡುತ್ತಿದ್ದಳು. ಆ ಕಣ್ಣನ್ನು ಮಂಡಿಯಿಂದ ಕೀಳಬೇಕೆಂದೇ ಅಭಿಜ್ಞಾ, ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೆ ಬೇರೆಯೇ ರಸ್ತೆ ತೋರಿಸುವ ಈ ಹೆಡ್‌ಸೆಟ್ ತರಿಸಿದ್ದಳು. ಅದನ್ನು ಸೈಕಲ್ಲಿಗೆ ಜೋಡಿಸಲು ಕರೆಸಿದ್ದು ಮಧುಕೇಶ್ವರನನ್ನು. ಬನವಾಸಿಯ ಭತ್ತದ ಮನೆತನದವನು. ಶಿರಸಿಯ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್, ಕಂಪ್ಯೂಟರ್ ದುರಸ್ತಿ ಅಂಗಡಿ ಇಟ್ಟಿದ್ದ.

ಕೊನೆಗೆ ತನುಜಾಳೇ ಹೆಡ್‌ಸೆಟ್ ಕಸಿದುಕೊಂಡು ಕಣ್ಣಿಗೆ ಹಾಕಿದಳು. ಎದುರಿಗೆ ಯಾವುದೋ ದೇಶದ ಸಮುದ್ರದ ದಂಡೆ, ಕನ್ನಡಿಯಂಥ ರಸ್ತೆ.

"ಇದ್ಯಾವ ಊರು ಮಾರಾಯ್ರೆ? ಒಂದು ನಾಯಿನೂ ಬೆನ್ನು ಹತ್ತೂದಿಲ್ಲ!"

ಮಧುಕೇಶ್ವರ ನಕ್ಕುಬಿಟ್ಟ. ಅವಳು ನಗಲಿಲ್ಲ.

"ಕಾಲು ಸುಮ್ನೆ ಇದ್ರೂ ಓಡ್ತದಲ್ಲ ಇದು. ನಾ ತುಳಿದ್ರೆ ಮಾತ್ರ ರಸ್ತೆ ಮುಂದೆ ಹೋಗ್ಬೇಕು. ಇಲ್ದಿದ್ರೆ ಇದು ಸಿನಿಮಾ, ಅಷ್ಟೇ. ಸೋಮವಾರ ಒಂದಿನ ಬರ್ತೆ. ಆಗ್ಲಿಲ್ಲ ಅಂದ್ರೆ ಮತ್ತೆ ಬರೂದಿಲ್ಲ."

"ಆಗ್ತೈತ್ರಿ. ನೀವು ತುಳಿದ್ರೆ ಮಾತ್ರ ಹೋಗ್ತೈತಿ."

ಹೇಳಿದ ಮೇಲೆ ತಿಳಿಯಿತು ಅವನಿಗೆ, ಎಂಥ ಮಾತು ಕೊಟ್ಟೆನೆಂದು!

ಸೈಕಲ್ಲಿನ ಆ್ಯಪ್ ಫೋನಿನಲ್ಲಿ ಮಾತ್ರ ಓಡುತ್ತಿತ್ತು, ಹೆಡ್‌ಸೆಟ್ಟಿಗೆ ಇಳಿಯುತ್ತಿರಲಿಲ್ಲ. ಹೆಡ್‌ಸೆಟ್ಟಿಗೆ ಇಳಿಯುವ ಆ್ಯಪ್‌ಗೆ ಈ ಸೈಕಲ್ಲಿನ ಬ್ಲೂಟೂತ್ ಕಣ್ಣಿಗೇ ಬೀಳುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪೆಡಲಿಗೆ ಕಟ್ಟಿ ಸುತ್ತು ಅಳೆಯುವ ಬೇರೆ ಸೆನ್ಸರ್ ತರಿಸಲು ಅಭಿಜ್ಞಾಳಿಗೆ ಹೇಳಿದ. ಅದು ಬರಲು ಗುರುವಾರವಾಗುತ್ತಿತ್ತು.

ಆದರೂ ಭಾನುವಾರ ವಜ್ರಳ್ಳಿಗೆ ಹೋಗಿ, ಮದುವೆಗಳ ವಿಡಿಯೋ ಮಾಡುವ ಗೆಳೆಯ ಉದಯನಿಂದ ಸುತ್ತಲೂ ಚಿತ್ರ ಹಿಡಿಯುವ ಕ್ಯಾಮೆರಾ ಕೇಳಿ ತಂದ. ಸೈಕಲ್ಲಿಗೆ ಕೋಲು ಕಟ್ಟಿ, ಕೋಲಿಗೆ ಕ್ಯಾಮೆರಾ ಕಟ್ಟಿ, ತನುಜಾ ಟಪಾಲು ಹಂಚುವ ನಿಲ್ಕುಂದದ ದಾರಿಯನ್ನೆಲ್ಲ ತುಳಿದು ಬಂದ.

ಸೋಮವಾರ ಹತ್ತು ಗಂಟೆ. ತನುಜಾ ಹೆಡ್‌ಸೆಟ್ ಹಾಕಿಕೊಂಡಳು.

"ಇದು... ಇದು ನಮ್ಮ ಶಾಲೆ ಕಟ್ಟೆ!"

"ತುಳೀರಿ. ಮುಂದಕ್ಕ ಹೋಗ್ರಿ."

ಅವಳು ತುಳಿದಳು. ರಸ್ತೆ ಸರಿಯಿತು. ಜೋರಾಗಿ ತುಳಿದರೆ ಜೋರಾಗಿ, ನಿಂತರೆ ಗಪ್ಪನೆ ನಿಂತಿತು. ಮೂರು ನಿಮಿಷ ಕಳೆಯಿತು, ಐದಾಯಿತು. ಹನ್ನೊಂದನೆಯ ನಿಮಿಷಕ್ಕೆ ಇಳಿದಾಗ ಅವಳು ಅಳುತ್ತಿದ್ದಳು.

"ಡಾಕ್ಟ್ರೆ, ನಾನೇ ಹೋದೆ! ನನ್ನ ಕಾಲಲ್ಲೇ ಹೋದೆ!"

ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದ ಮಧುಕೇಶ್ವರ ತನ್ನ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ. ಪೆಡಲನ್ನೇ ನೋಡುತ್ತ, ಫೋನಿನ ಮೇಲೆ ಹೆಬ್ಬೆರಳಾಡಿಸಿ ಆ ರಸ್ತೆಯನ್ನು ನಡೆಸಿದ್ದು ಅವನು. ಇವತ್ತೊಂದಿನ, ಗುರುವಾರ ಸೆನ್ಸರ್ ಬರುತ್ತದಲ್ಲ ಎಂದುಕೊಂಡಿದ್ದ.

"ಅವಳಿಗೆ ನೀನೇ ಹೇಳ್ಬೇಕು" ಎಂದಳು ಅಭಿಜ್ಞಾ, ತನುಜಾ ಹೋದ ಮೇಲೆ.

"ಹೇಳ್ತೀನ್ರಿ ಡಾಕ್ಟ್ರೆ."

ಗುರುವಾರ ಸೆನ್ಸರ್ ಬಂತು. ಫೋನಿನ ಜೊತೆ ಕೂಡಿತು, ಹೆಡ್‌ಸೆಟ್ ಜೊತೆ ಕೂಡಲೇ ಇಲ್ಲ. ಎರಡು ರಾತ್ರಿ ಕೂತು ಗುದ್ದಾಡಿದ, ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅವಳು ಹದಿನಾರು ನಿಮಿಷಕ್ಕೆ ಬಂದಿದ್ದಳು. ಹೇಗೆ ಹೇಳುವುದು? ನಾಳೆ ಹೇಳೋಣ ಎಂದ. ಆ ನಾಳೆ ಐದು ವಾರವಾಯಿತು.

ಆ ಐದು ವಾರ ತನುಜಾ ಅವನ ಮುಖ ನೋಡಿದ್ದು ಕಡಿಮೆ. ಕಣ್ಣಿಗೆ ಕಟ್ಟಿಕೊಂಡವಳಿಗೆ ಕೇಳುತ್ತಿದ್ದುದು ದನಿಯೊಂದೇ.

"ಆ ನೀಲಿ ಬಾಗ್ಲದ ಮನಿ ಯಾರ್ದ್ರಿ?"

"ಹುಚ್ಚಣ್ಣಂದು. ಪತ್ರ ಕೊಟ್ರೆ ನನ್ನ ಹತ್ರನೇ ಓದ್ಸ್ತಾರೆ. ಕೆಟ್ಟ ಸುದ್ದಿ ಇದ್ರೆ ನಾ ಮೊದ್ಲು ನೀರು ಕೇಳ್ತೆ. ಅವ್ರು ನೀರು ತರೂದ್ರೊಳಗೆ ಹೆಂಗೆ ಹೇಳೂದು ಅಂತ ಯೋಚ್ನೆ ಮಾಡ್ತೆ."

ಮಧುಕೇಶ್ವರ ಫೋನಿನ ಮೇಲಾಡುವ ತನ್ನ ಹೆಬ್ಬೆರಳನ್ನು ನೋಡಿಕೊಂಡ. 'ಇಂಥಾಕಿಗೆ ನಾನು ಸುಳ್ಳು ಹೇಳಾಕತ್ತೀನಿ...'

ಅವನು ಬಾಯೊಳಗೇ ಏನೋ ಎಣಿಸುತ್ತಿರುವುದು ಅವಳಿಗೆ ಕೇಳುತ್ತಿತ್ತು. "ಲಾಭ... ಎರಡು... ಮೂರು..."

"ಎಂತ ಅದು? ಭತ್ತ ಅಳೀತಿದ್ರಾ?"

"ಹ್ಞಾಂ... ನಮ್ಮ ಕಣದಾಗ ಒಂದು ಅನ್ನಂಗಿಲ್ರಿ, ಲಾಭ ಅಂತೇವಿ. ಅದೇ ರೂಢಿ. ನಿಮ್ಮ ಸುತ್ತು ಎಣಿಸಾಕತ್ತೀನಿ."

ಅವಳಿಗೆ ನಗು ಬಂತು. ತನ್ನ ಕಾಲಿನ ಪ್ರತಿ ಸುತ್ತನ್ನೂ ಭತ್ತದಂತೆ ಜೋಪಾನವಾಗಿ ಅಳೆಯುವವನೊಬ್ಬನಿದ್ದಾನೆ! ಏರು ಬಂದಾಗ ಪೆಡಲ್ ಭಾರವಾಗುತ್ತಿತ್ತು, ಇಳಿಜಾರಿನಲ್ಲಿ ಹಗುರವಾಗುತ್ತಿತ್ತು. 'ಎಲ್ಲರೂ ಸುಳ್ಳು ಹೇಳಿದ್ರು. ಈ ರಸ್ತೆ ಒಂದು ಹೇಳೂದಿಲ್ಲ. ಈ ದನಿನೂ ಹೇಳೂದಿಲ್ಲ.' ಹಾಗೆಂದುಕೊಳ್ಳುವಾಗ ಎದೆ ಹಗುರವಾಗುತ್ತಿತ್ತು. ಪ್ರೀತಿ ಎಂದು ಅದಕ್ಕೆ ಹೆಸರಿಡಲು ಮಾತ್ರ ಅವಳಿಗೆ ಹೆದರಿಕೆ.

ಮಾರ್ಚ್ ಇಪ್ಪತ್ತನಾಲ್ಕು. ಅಂದು ಅವಳು ಎಂದಿಗಿಂತ ದೂರ ಹೋದಳು. ಮೂವತ್ತನೆಯ ನಿಮಿಷ ದಾಟಿತು. ತಿರುವು ಕಳೆದದ್ದೇ ಅವಳದೇ ಮನೆ ಕಾಣಿಸಿತು. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಚೌಡಮ್ಮ, ಸೈಕಲ್ ಸದ್ದಿಗೆ ತಲೆಯೆತ್ತಿ ರಸ್ತೆ ನೋಡಿದಳು. ಮಗಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಏಳು ವರ್ಷ ನೋಡಿದಂತೆ.

"ಅಬ್ಬೆ..."

ತನುಜಾ ನಕ್ಕಳು. ಕಾಲು ನಿಲ್ಲಿಸಿದಳು. ತಾಯಿಯ ಮುಖವನ್ನು ಕಣ್ಣು ತುಂಬ ನೋಡಬೇಕಿತ್ತು.

ರಸ್ತೆ ನಿಲ್ಲಲಿಲ್ಲ!

ಅವಳ ಪಾದ ಪೆಡಲಿನ ಮೇಲೆ ಅಲ್ಲಾಡದೆ ಇತ್ತು. ಆದರೂ ಅಂಗಳ ಜಾರಿತು, ತಾಯಿ ಹಿಂದೆ ಸರಿದಳು, ಬೇಲಿ ಬಂತು, ಮುಂದಿನ ಮೋರಿ ಬಂತು.

ಹೆಡ್‌ಸೆಟ್ ಕಿತ್ತು ತಿರುಗಿದಳು. ಮಧುಕೇಶ್ವರನ ಕೈಯಲ್ಲಿ ಫೋನು. ಫೋನಿನಲ್ಲಿ ಅದೇ ಮೋರಿ, ಅದೇ ರಸ್ತೆ. ಅವನ ಹೆಬ್ಬೆರಳು ಇನ್ನೂ ಅದರ ಮೇಲಿತ್ತು.

"ನೀವು... ನೀವು ಓಡಿಸ್ತಿದ್ರಾ ಇದನ್ನ?"

"ತನುಜಾ ಅವ್ರೆ, ಒಂದು ಮಾತು ಕೇಳ್ರಿ..."

"ಮೊದ್ಲ ದಿನದಿಂದ?"

ಅವನು ತಲೆ ತಗ್ಗಿಸಿದ. "ಹೌದ್ರಿ. ಸೈಕಲ್ಲಿಗೂ ಹೆಡ್‌ಸೆಟ್ಟಿಗೂ ಕೂಡಲೇ ಇಲ್ಲ."

"ಎಣಿಸ್ತಿದ್ದದ್ದು ಇದಕ್ಕಾ? ನಾಟ್ಕಕ್ಕೆ ತಾಳ ಹಾಕೂಕೆ?" ಅವಳು ಸೈಕಲ್ಲಿನಿಂದ ಇಳಿದಳು. "ನಾ ತುಳಿದ್ರೆ ಮಾತ್ರ ಹೋಗ್ಬೇಕು ಅಂದಿದ್ದೆ ಅಲ್ದಾ? ಒಂದೇ ಒಂದು ಮಾತು ಕೇಳಿದ್ದೆ ನಿಮ್ಮ ಹತ್ರ! ಅವ್ರೆಲ್ಲ ಸುಳ್ಳು ಹೇಳಿದ್ರು, ತಡ್ಕೊಂಡೆ. ನೀವೂ..."

ಕೋಲೂರಿಕೊಂಡು ಹೊರಗೆ ನಡೆದುಬಿಟ್ಟಳು. ಅವನು ಬಾಗಿಲವರೆಗೆ ಬಂದವನು ಅಲ್ಲೇ ನಿಂತ. ಕರೆಯುವ ಹಕ್ಕು ತನಗಿಲ್ಲ ಎನಿಸಿತು.

ನಾಲ್ಕು ದಿನ ತನುಜಾ ಮನೆಯಿಂದ ಹೊರಬೀಳಲಿಲ್ಲ. 'ಮೂವತ್ತು ನಿಮಿಷ ಸುಳ್ಳು. ಐದು ವಾರ ಸುಳ್ಳು. ನನ್ನ ಕಾಲಿಗೆ ಎಂತದೂ ಬರೂದಿಲ್ಲ.' ಅಭಿಜ್ಞಾ ಫೋನ್ ಮಾಡಿದಳು.

"ನಂಗೂ ಗೊತ್ತಿತ್ತು ತನುಜಾ. ಸುಮ್ನಿದ್ದದ್ದು ನನ್ನ ತಪ್ಪು, ಬೈಯಿ. ಆದ್ರೆ ನಿನ್ನ ಮಂಡಿ ನಾನೇ ಅಳತೆ ಮಾಡಿದ್ದು. ಅದು ಮಡಚ್ತಾ ಇದೆ. ಅದು ಸುಳ್ಳಲ್ಲ."

"ಯಾರ ಮಾತೂ ನಂಬೂಕಾಗೂದಿಲ್ಲ ಡಾಕ್ಟ್ರೆ" ಎಂದು ಫೋನಿಟ್ಟಳು.

ಐದನೆಯ ದಿನ ಬೆಳಿಗ್ಗೆ ತಾಯಿ ನೀರಿಗೆ ಹೋದಾಗ, ಧೂಳು ಹಿಡಿದ ತನ್ನ ಸೈಕಲ್ಲನ್ನು ಅಂಗಳಕ್ಕಿಳಿಸಿದಳು. ಯಾರ ಮಾತೂ ಬೇಡ, ಕಾಲನ್ನೇ ಕೇಳುತ್ತೇನೆ ಎಂಬ ಹಟ. ಬಿದ್ದರೆ ಬಿದ್ದೆ!

ಬಲಗಾಲು ಪೆಡಲಿಗಿಟ್ಟಳು, ತುಳಿದಳು. ಮಂಡಿ ಮಡಚಿತು. ನೋಯಿತು, ಆದರೆ ಮಡಚಿತು.

ಶಾಲೆ ಕಟ್ಟೆ ಬಂತು, ನೀಲಿ ಬಾಗಿಲು ಬಂತು. ಆಮೇಲೆ ಸೀತಮ್ಮನ ಮನೆಯ ಏರು. ಮೊದಲೆಲ್ಲ ಇಳಿದು ತಳ್ಳುತ್ತಿದ್ದ ಏರು ಅದು. ತನುಜಾ ಹಲ್ಲು ಕಚ್ಚಿದಳು. ಕಾಲಿಗೆ ಆ ಭಾರ ಹೊಸದೆನಿಸಲಿಲ್ಲ. ಎಲ್ಲಿ ಬಿಗಿಯುತ್ತದೆ, ಎಲ್ಲಿ ತುಸು ಸಡಿಲಾಗುತ್ತದೆ, ಮತ್ತೆ ಎಲ್ಲಿ ಜೀವ ತಿನ್ನುತ್ತದೆ, ಕಾಲಿಗೆಲ್ಲ ಗೊತ್ತಿತ್ತು!

ಮೇಲೆ ತಲುಪಿದಾಗ ಸೀತಮ್ಮ ಗೇಟಿನ ಬಳಿ ನಿಂತಿದ್ದಳು. ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯಯ್ಯೋ ಕೂಸೆ! ಹತ್ಕಂಡೇ ಬಂದ್ಯನೆ? ಬಾ, ಕೂತ್ಗ. ಆ ಬನವಾಸಿ ಮಾಣಿಗೂ ಇಲ್ಲೇ ನಾನು ನೀರು ಕೊಡ್ತಿದ್ದಿ."

"ಯಾವ ಮಾಣಿ ಸೀತಮ್ಮಾ?"

"ಕ್ಯಾಮೆರಾ ಕಟ್ಕಂಡು ಬಂದವ. ಒಂದ್ಸಲ ಅಲ್ದೇ, ಆರು ಭಾನುವಾರ ಬಂದ. ಸೈಕಲ್ಲಿಗೆ ಭತ್ತದ ಚೀಲ ಕಟ್ಕಂಡು ಈ ಏರು ಹತ್ತೂದು, ಇಳಿಯೂದು, ಮತ್ತೆ ಹತ್ತೂದು. 'ಎಂತಕ್ಕೆ ಹಿಂಗೆ ಸಾಯ್ತೆ ಮಾರಾಯಾ' ಹೇಳಿ ನಾನೇ ಕೇಳ್ದಿ."

"ಎಂತ ಅಂದ್ರು?"

"'ಟಪಾಲು ಚೀಲದಷ್ಟೇ ತೂಕ ಕಟ್ಟೀನಿ ಅಮ್ಮಾ. ಎಲ್ಲೆಲ್ಲಿ ಎಷ್ಟು ಭಾರ ಆಗ್ತೈತಿ ನನ್ನ ಕಾಲಿಗೆ ತಿಳೀಬೇಕು. ಇಲ್ದಿದ್ರ ಅಲ್ಲಿ ಗುಂಡಿ ಎಷ್ಟು ತಿರುಗಿಸ್ಬೇಕು ಗೊತ್ತಾಗಂಗಿಲ್ಲ, ಅವ್ರಿಗೆ ಮೋಸ ಆಗ್ತೈತಿ' ಅಂದ. ಎನಗಂತೂ ಒಂದೂ ಅರ್ಥ ಆಜಿಲ್ಲೆ!"

ತನುಜಾಳಿಗೆ ಅರ್ಥವಾಯಿತು. ವ್ಯಾಯಾಮದ ಸೈಕಲ್ಲಿನ ಬಿಗಿ ಹೆಚ್ಚಿಸುವ ಆ ಗುಂಡಿ! ಒಂದು ಕೈಯಲ್ಲಿ ರಸ್ತೆ, ಇನ್ನೊಂದು ಕೈಯಲ್ಲಿ ಆ ಗುಂಡಿ... ಅವನು ತೋರಿಸಿದ ರಸ್ತೆ ಅವನ ಕೈಯದು. ತುಳಿದ ಭಾರ ಮಾತ್ರ ಒಂದಿಷ್ಟೂ ಕಡಿಮೆಯಿಲ್ಲದೆ ಅವಳದೇ. ಸೀತಮ್ಮನ ಜಗಲಿಯ ಮೇಲೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನದ ಬಸ್ಸಿಗೆ ಶಿರಸಿಗೆ ಬಂದಳು. ಅಂಗಡಿಯಲ್ಲಿ ಮಧುಕೇಶ್ವರ ಯಾರದೋ ಫೋನ್ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಕುಂದರ್ರಿ... ಕಾಲು ಹೆಂಗೈತ್ರಿ?"

"ಸೀತಮ್ಮನ ಏರು ಹತ್ತಿ ಬಂದೆ."

ಅವನ ಕಣ್ಣು ತುಂಬಿತು.

"ಚೀಲ ಕಟ್ಕೊಂಡು ಹತ್ತಿದ್ದನ್ನ ನನ್ನ ಹತ್ರ ಎಂತಕ್ಕೆ ಹೇಳ್ಲಿಲ್ಲ ನೀವು?"

"ಹೇಳಿದ್ರ ಎಲ್ಲಾ ಹೇಳ್ಬೇಕಾಗ್ತಿತ್ರಿ. ನೀವು ಬರೂದು ಬಿಟ್ಟೀರಿ ಅಂತ ಹೆದರಿಕಿ. ಮೊದ್ಲು ನಿಮ್ಮ ಕಾಲಿಗಾಗಿ ಹೆದರಿದ್ದೆ. ಆಮ್ಯಾಲ... ನನಗಾಗಿ ಹೆದರಿದೆ. ತಪ್ಪು ನಂದೇ. ಏನೂ ನೆವ ಹೇಳಂಗಿಲ್ಲ."

"ಅವತ್ತು ನಾ ನಿಂತ್ರೂ ರಸ್ತೆ ಹೋಯ್ತಲ್ಲ. ಐದು ವಾರ ತಪ್ಪದವ್ರು ಅವತ್ತೊಂದಿನ ಹೆಂಗೆ ತಪ್ಪಿದ್ರಿ?"

ಅವನು ಮೇಜಿನ ಮೇಲಿದ್ದ ಸಣ್ಣ ತಿರುಪುಗಳನ್ನು ಸುಮ್ಮನೆ ಒಂದೆಡೆ ಗುಡ್ಡೆ ಮಾಡಿದ.

"ನಿಮ್ಮವ್ವನ್ನ ನೋಡಿ ನೀವು ನಕ್ರಿ. ಅಂಥಾ ನಗು ನಾ ನೋಡೇ ಇರ್ಲಿಲ್ಲ. ನಿಮ್ಮ ಮುಖಾನೇ ನೋಡ್ಕೋತ ನಿಂತೆ. ಪೆಡಲ್ ನೋಡೂದು ಮರ್ತೆ... ನಂಗ ನಿಮ್ಮ ಮ್ಯಾಲ ಜೀವ ಐತ್ರಿ, ತನುಜಾ."

ಹೊರಗೆ ಬಸ್ಸುಗಳ ಹಾರ್ನು. ಅವಳಿಗೆ ಯಾವುದೂ ಕೇಳಲಿಲ್ಲ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೆ ಆ ಸಿಟ್ಟಿಗಿಂತ ದೊಡ್ಡದೊಂದು ಎದೆ ತುಂಬಿಕೊಂಡಿತ್ತು.

"ನಂಗೆ ಇನ್ನೂ ನೋವುಂಟು" ಎಂದಳು ಮೆಲ್ಲಗೆ. "ಆದ್ರೂ ಬಂದೆ. ಬರದೆ ಇರೂಕಾಗ್ಲಿಲ್ಲ. ನಂಗೂ ನಿಮ್ಮ ಮೇಲೆ..."

ಮಾತು ಮುಗಿಸಲು ನಾಚಿಕೆ ಬಿಡಲಿಲ್ಲ. ಅವನು ಹೆಜ್ಜೆ ಮುಂದಿಟ್ಟ.

"ನಿಲ್ಲಿ. ಅಲ್ಲೇ ನಿಲ್ಲಿ."

ಅವನು ತಟ್ಟನೆ ನಿಂತ.

"ಐದು ವಾರ ಬರೀ ದನಿ ಕೇಳಿದ್ದು. ಮುಖ ಸಮ ನೋಡ್ಲೇ ಇಲ್ಲ ನಾ."

ಅವಳು ನೋಡಿದಳು. ನಿದ್ದೆಗೆಟ್ಟ ಕಣ್ಣು, ಬಿಸಿಲಿಗೆ ಕಂದಿದ ಹಣೆ. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಎಂಥಾ ಮುಖ ಐತ್ರಿ?"

"ಸುಳ್ಳು ಹೇಳೂಕೆ ಬರದ ಮುಖ."

"ಐದು ವಾರ ಹೇಳೀನಲ್ರಿ..."

"ನನ್ನ ಕಣ್ಣು ಕಟ್ಟಿತ್ತು. ಅದಕ್ಕೆ ನಡೀತು." ಅವಳೇ ಕೈ ಚಾಚಿ ಅವನ ಬೆರಳು ಹಿಡಿದಳು. "ಇನ್ನು ಕಣ್ಣು ಬಿಟ್ಕೊಂಡೇ ಇರ್ತೆ."