ಚನಮಲ್ಲಪ್ಪನ ಕೆಂಪು

ಮುರಗೆಪ್ಪನ ಬಣ್ಣದ ಮನೆಯ ಪೈಪಿಗೆ ಸಿಮೆಂಟು ಮೆತ್ತಿಸಿದವನು ಚನಮಲ್ಲಪ್ಪ. ಬನಹಟ್ಟಿಯ ಆ ಓಣಿಯಲ್ಲಿ ಇಬ್ಬರದೂ ಗೋಡೆಗೆ ಗೋಡೆ. ನೂಲಿಗೆ ಬಣ್ಣ ಹಾಕುವುದನ್ನು ಒಂದೇ ಕೊಪ್ಪರಿಗೆಯಲ್ಲಿ ಕಲಿತವರು. ಬಣ್ಣದ ನೀರು ಹಳ್ಳ ಸೇರಿ ಕೃಷ್ಣೆಗೆ ಹೋಗಬಾರದೆಂದು ಓಣಿಯವರು ಚಿಕ್ಕದೊಂದು ನೀರು ಶುದ್ಧಿ ಘಟಕ ಕಟ್ಟಿದಾಗ, ಪಾಯದ ಮೊದಲ ಕಲ್ಲು ಹೊತ್ತವರೂ ಅವರಿಬ್ಬರೇ. ಆದರೆ ಮುರಗೆಪ್ಪನ ಅಗ್ಗದ ಕಪ್ಪು ಬಣ್ಣಕ್ಕೆ ಘಟಕದ ತೊಟ್ಟಿಯ ಜೀವಂತ ಕೆಸರು ಸತ್ತಿತು. ಹೊಲಸು ತಿಂದು ನೀರನ್ನು ತಿಳಿ ಮಾಡುವುದು ಆ ಕೆಸರೇ. ಎರಡನೆಯ ಸಲವೂ ಸತ್ತಾಗ, ಓಣಿಯ ಬಣ್ಣಗಾರರ ಸಂಘದ ಅಧ್ಯಕ್ಷ ಚನಮಲ್ಲಪ್ಪ ಪೈಪು ಮುಚ್ಚಿಸಿದ.

ಮುರಗೆಪ್ಪನ ಬಣ್ಣದ ಒಲೆ ಆರಿತು. ಎಂದು ಒಲೆ ಹಚ್ಚಬೇಕು, ಎಂದು ಬೇಡ, ಯಾವ ನೂಲು ಯಾವ ಬಿಸಿಲಿಗೆ, ಎಲ್ಲ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ಯಂಕವ್ವ. ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಣ್ಣಗಿನ ಒಲೆಯ ಮುಂದೆ ಕೂರುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಹೋಗಿಬಿಟ್ಟಳು. ಡಾಕ್ಟರು ಹೃದಯ ಅಂದರು. ಮುರಗೆಪ್ಪ ಮನಸ್ಸಿನಲ್ಲೇ ಚನಮಲ್ಲಪ್ಪ ಅಂದುಕೊಂಡ. ಆಮೇಲೆ ಅವನಿಗೆ ಎಲ್ಲ ದಿನಗಳೂ ಒಂದೇ ಹಾಗೆ ಕಂಡವು.

ಉಪಾಯ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಚನಮಲ್ಲಪ್ಪನ ಬಣ್ಣದ ನೀರು ಅವನ ಹಿತ್ತಲಿನ ಗುಂಡಿಗೆ ಬಿದ್ದು ಘಟಕಕ್ಕೆ ಹರಿಯುತ್ತದೆ. ಆ ಗುಂಡಿಗೆ ಮೊದಲು ಬ್ಲೀಚಿಂಗ್ ಪುಡಿ ಕದಡಿದ ನೀರು. ಅದು ಮುಂದೆ ಹೋದ ಮೇಲೆ ಕೆಂಪು. ಒಟ್ಟಿಗೆ ಸುರಿದರೆ ಪುಡಿ ಬಣ್ಣವನ್ನೇ ತಿಂದುಬಿಡುತ್ತದೆ. ಅಷ್ಟು ತಿಳಿಯದವನಲ್ಲ ಅವನು. ಸೀರೆಯ ಸೆರಗಿಗೆ ಹಾಕುವ ಆ ಕೆಂಪು ಚನಮಲ್ಲಪ್ಪನನ್ನು ಬಿಟ್ಟರೆ ಓಣಿಯಲ್ಲಿ ಯಾರಿಗೂ ಬಾರದು, ಜತೆಯಲ್ಲಿ ಕಲಿತ ಮುರಗೆಪ್ಪನ ಹೊರತು. ಕೆಸರು ಸಾಯುತ್ತದೆ, ಗುಂಡಿ ಸಾಕ್ಷಿ ಹೇಳುತ್ತದೆ, ಸಿಮೆಂಟು ಈ ಸಲ ಗೋಡೆಯಾಚೆಯ ಪೈಪಿಗೆ ಬೀಳುತ್ತದೆ. ಯಾರಾದರೂ ಕೇಳಿದರೆ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಕೊಂಡ.

ಒಂದು ಮಧ್ಯಾಹ್ನ ಘಟಕ ನೋಡಿಕೊಳ್ಳುವ ನಿಂಗಣ್ಣ ಊಟಕ್ಕೆ ಹೋದ. ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದವು. ಕರೆಂಟ್ ಹೋಗಿದೆ, ಒಳ್ಳೆಯದೇ ಆಯಿತು, ಎಲ್ಲರೂ ಒಳಗೆ ಅಡ್ಡಾಗಿದ್ದಾರೆ ಅಂದುಕೊಂಡ. ಚನಮಲ್ಲಪ್ಪನ ಗುಂಡಿಗೆ ಮೊದಲು ಪುಡಿಯ ನೀರಿನ ಕೊಡ, ಅದು ಹರಿದ ಮೇಲೆ ಕೆಂಪಿನ ಕೊಡ ಸುರಿದು, ಘಟಕದ ಬೇಲಿಯವರೆಗೆ ಹೋಗಿ ನಿಂತ. ಗಾಳಿಯ ಪಂಪು ಮಾತ್ರ ಗುಂಯ್‌ಗುಡುತ್ತಿತ್ತು. ತೊಟ್ಟಿಯ ತುಂಬ ಗುಳ್ಳೆಗಳು ಏಳುತ್ತಿದ್ದವು, ನಿದ್ದೆ ಹೋದವರ ಉಸಿರಿನ ಹಾಗೆ. ಅವನಿಗೆ ಅದನ್ನು ನೋಡಲಾಗಲಿಲ್ಲ. ಮನೆಗೆ ಬಂದು ಕೈ ತಿಕ್ಕಿ ತಿಕ್ಕಿ ತೊಳೆದ.

ಹೊತ್ತು ಇಳಿಯುವಾಗ ಚನಮಲ್ಲಪ್ಪ ಬಂದ. ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಮುಖ ಸಣ್ಣಗಾಗಿತ್ತು.

"ಮುರಗ್ಯಾ, ಕೆಸರು ಸತ್ತೈತೋ. ನನ್ನ ಗುಂಡಿ ತುಂಬ ಕೆಂಪ ನಿಂತೈತಿ."

"ಅಧ್ಯಕ್ಷರ ಗುಂಡಿಗೂ ಸಿಮಿಟಿ ಬೀಳತೈತಿ ಅನ್ನ."

"ಬೀಳಲಿ ಬಿಡೋ. ನಾಳಿ ನಿನ್ನ ಪೈಪು ಬಿಚ್ಚಸಾಕ ಎಲ್ಲಾರನ್ನೂ ಒಪ್ಪಿಸಿದ್ದೆ. ನಾನೇ ಜಾಮೀನ ನಿಂತಿದ್ದೆ. ಈಗ ಯಾರ ನೀರು ಬಿಟ್ರೂ ಹೊಳೀಗೇ ಹೋಗತೈತಿ. ಬರೇ ಇಷ್ಟ ಹೇಳು, ಹಿತ್ತಲದಾಗ ಯಾರರೆ ಬಂದದ್ದು ಕಂಡಿಯೇನು?"

ಪೈಪು ಬಿಚ್ಚುವ ಮಾತು ಕೇಳಿ ಮುರಗೆಪ್ಪ ತೊಳೆದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಆದರೆ ಬಾಯಿಪಾಠ ಮಾಡಿದ ಮಾತು ತಾನಾಗಿಯೇ ಹೊರಬಿತ್ತು. "ಯಾರು ಬರತಾರೋ? ಮಧ್ಯಾಹ್ನ ನಿನ್ನ ಒಲಿ ಹೊಗಿ ಏಳಾಕತ್ತಿತ್ತು. ನಾನೇ ಕಂಡೇನಿ."

 ಚನಮಲ್ಲಪ್ಪನಿಗೆ ಸಿಟ್ಟು ಬರಲಿಲ್ಲ, ಕಣ್ಣು ತುಂಬಿ ಬಂತು. ಡಬ್ಬಿಯ ಮುಚ್ಚಳ ತೆಗೆದು ಆರಿದ ಒಲೆಯ ಕಟ್ಟೆಯ ಮೇಲಿಟ್ಟ. ಒಳಗೆ ತುಪ್ಪ ಸವರಿದ ಎರಡು ಹೋಳಿಗೆ. "ಇವತ್ತ ಅಮಾಸಿ ಸೂಟಿ ಐತಲ್ಲೋ," ಅಂದ. "ಊರಾಗ ಒಂದ ಮಗ್ಗ ಆಡಿಲ್ಲ, ಒಬ್ಬರೂ ಬಣ್ಣದ ಒಲಿ ಹಚ್ಚಿಲ್ಲ, ನಾನೂ ಹಚ್ಚಿಲ್ಲ. ಯಂಕವ್ವ ಇದ್ದಿದ್ರ ನಿನಗ ಮುಂಜಾನೆನ ಹೇಳತಿದ್ಲು."