ಎಲ್ಲರ ಫೋನಿನಲ್ಲಿ ಅವನ ದನಿ

"ಮೇಡಂ... ಇದು ನನ್ನ ದನಿ ತಾನೆ?"

ವೀಡಿಯೊ ಓಡುತ್ತಿದ್ದ ಫೋನನ್ನು ಗ್ರಂಥಾಲಯದ ಕೌಂಟರಿನ ಮೇಲೆ ಇಟ್ಟು ಅವನು ಕೇಳಿದ. ದನಿ ನಡುವೆ ಒಡೆದು, ಕೀರಲಾಗಿ, ಕೊನೆಯ ಅಕ್ಷರ ಬರಿಯ ಗಾಳಿಯಾಯಿತು.

ಪಕ್ಕದ ಮೇಜಿನಲ್ಲಿ ಓದುತ್ತಿದ್ದ ಇಬ್ಬರು ಹುಡುಗಿಯರು ತಟ್ಟನೆ ತಲೆಯೆತ್ತಿದರು. "ಏಯ್, ಅದೇ ದನಿ ಕಣೇ..." ಎಂದು ಒಬ್ಬಳು ಇನ್ನೊಬ್ಬಳ ಮೊಣಕೈ ತಿವಿದಳು. ಇಬ್ಬರೂ ಕಿಸಕ್ಕನೆ ನಕ್ಕರು.

ಅವನ ಕಿವಿಗಳು ಕೆಂಪಾದವು. ಉತ್ತರಕ್ಕೂ ಕಾಯದೆ ಫೋನ್ ಎತ್ತಿಕೊಂಡು ಬಾಗಿಲತ್ತ ನಡೆದುಬಿಟ್ಟ.

"ಒಂದು ನಿಮಿಷ ನಿಲ್ಲಿ..." ಎಂದಳು ಕೌಂಟರಿನಲ್ಲಿದ್ದ ಅವಳು. ಅವನು ನಿಲ್ಲಲಿಲ್ಲ.

ಕಪಾಟಿನ ಆಚೆಯಿಂದ ಎಷ್ಟೋ ಸಂಜೆ ಕೇಳಿಸಿಕೊಂಡಿದ್ದ ದನಿ ಅವಳೆದುರು ನಿಂತು ಆಡಿದ ಮೊದಲ ಮಾತು ಅದು.

ಅವನು ಬಸ್ ನಿಲ್ದಾಣದ ಅನೌನ್ಸರ್. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮೈಕಿನಲ್ಲಿ ಹೇಳುವುದೇ ಅವನ ಕೆಲಸ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಕೈಕೊಟ್ಟಿತ್ತು. ದಿನಾ ಸ್ವಲ್ಪ ಹೊತ್ತು ಬಾಯಿಬಿಟ್ಟು ಓದಿದರೆ ಸರಿಹೋಗಬಹುದು ಎಂದಿದ್ದರು ಡಾಕ್ಟರು. ಮನೆಯಲ್ಲಿ ಓದಿದರೆ ಅಮ್ಮ ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಅದಕ್ಕೇ ಗ್ರಂಥಾಲಯದ ಹಿಂಭಾಗಕ್ಕೆ ಬಂದು, ಯಾರೂ ಸುಳಿಯದ ಹಳೆಯ ಪತ್ರಿಕೆಗಳ ಸಾಲಿನಲ್ಲಿ ಕೂತು ಮಕ್ಕಳ ಕಥೆಗಳನ್ನು ಓದುತ್ತಿದ್ದ.

ಇದೆಲ್ಲ ಅವಳಿಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ... ಆ ದನಿ ಕಿವಿಗೆ ಬೀಳದ ದಿನ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ದನಿ ಒಂದು ಪದಕ್ಕೆ ಎಡವಿ, ಸಾವರಿಸಿಕೊಂಡು, ಕಥೆಯ ಮೊಲವನ್ನು ಹೊಳೆ ದಾಟಿಸುವಾಗ ಅವಳು ಕಪಾಟಿನ ಈಚೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು.

ಒಂದು ಸಂಜೆ, ಮನೆಗೆ ಹೋಗಿ ಮತ್ತೆ ಕೇಳೋಣವೆಂದು ಫೋನಿನಲ್ಲಿ ವೀಡಿಯೊ ಹಿಡಿದುಕೊಂಡಳು. ಬೆನ್ನು, ಪುಟ ತಿರುವುವ ಬೆರಳು, ದನಿ.

ಅಷ್ಟಕ್ಕೇ ಬಿಟ್ಟಿದ್ದರೆ...

ಗ್ರಂಥಾಲಯಕ್ಕೆ ಬರುವ ಜನ ಕಡಿಮೆಯಾಗಿದ್ದರು. ಇದ್ದವರನ್ನಾದರೂ ಉಳಿಸಿಕೊಳ್ಳಬೇಕೆಂದು ಮೇಲ್ವಿಚಾರಕರು ಸೋಷಿಯಲ್ ಮೀಡಿಯಾದಲ್ಲಿ ಪೇಜ್ ತೆರೆದು, ದಿನಕ್ಕೊಂದು ರೀಲ್ ಹಾಕುವ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ಹೊಸ ಪುಸ್ತಕ, ಓದುಗರ ಮಾತು, ಹರಿದ ಪುಟಕ್ಕೆ ಅಂಟು ಹಚ್ಚುವ ರೀತಿ... ಎಲ್ಲ ಮುಗಿದು ತಲೆ ಖಾಲಿಯಾದ ದಿನ, ಇವತ್ತಿನದು ಇನ್ನೂ ಬಂದಿಲ್ಲವಲ್ಲ ಎಂದು ಅವರು ಮತ್ತೆ ಮತ್ತೆ ಕೇಳಿದಾಗ ಅವಳು ಆ ವೀಡಿಯೊವನ್ನೇ ಹಾಕಿಬಿಟ್ಟಳು. ಮುಖ ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ಮುಖ ಯಾರಿಗೂ ಬೇಕಿರಲಿಲ್ಲ. ಯಾರೋ ದನಿಯನ್ನಷ್ಟೇ ಕಿತ್ತುಕೊಂಡು ಆಕಳಿಸುವ ಬೆಕ್ಕಿಗೆ ಅಂಟಿಸಿದರು. ಇನ್ಯಾರೋ ತುಕ್ಕು ಹಿಡಿದ ಗೇಟಿಗೆ. ಮತ್ತೊಬ್ಬರು ಸ್ಟಾರ್ಟ್ ಆಗದ ಬೈಕಿಗೆ. ನೋಡನೋಡುತ್ತಿದ್ದಂತೆ ಅದು ಟ್ರೆಂಡ್ ಆಯಿತು.

ತೆಗೆದುಬಿಡೋಣ ಸರ್ ಎಂದು ಅವಳು ಬೇಡಿಕೊಂಡಿದ್ದಳು. ಮೇಲ್ವಿಚಾರಕರು ಒಪ್ಪಿರಲಿಲ್ಲ. ಅವರೇನು ಕೆಟ್ಟವರಲ್ಲ, ಬಹಳ ದಿನಗಳ ಮೇಲೆ ಕುರ್ಚಿಗಳು ತುಂಬಿದ್ದನ್ನು ಕಂಡಿದ್ದರು, ಅಷ್ಟೇ.

ಅವನು ಬಂದುಹೋದ ದಿನ ಮಾತ್ರ ಅವಳು ಯಾರನ್ನೂ ಕೇಳದೆ ರೀಲ್ ಅಳಿಸಿದಳು. ಏನು ಪ್ರಯೋಜನ? ದನಿ ಆಗಲೇ ಊರ ಸೊತ್ತಾಗಿತ್ತು. ಕಂಡಕಂಡದ್ದನ್ನೆಲ್ಲ ರಿಪೋರ್ಟ್ ಮಾಡಿದಳು. ಒಂದು ಮಾಯವಾದರೆ ಹತ್ತು ಹುಟ್ಟಿದವು. ಇದರಿಂದ ಅವರಿಗೆ ನೋವಾಗಿದೆ, ದಯವಿಟ್ಟು ತೆಗೆಯಿರಿ ಎಂದು ಒಂದೊಂದರ ಕೆಳಗೂ ಬರೆದಳು. ಅದರ ಕೆಳಗೂ ನಗುವ ಮುಖಗಳೇ ಬಂದು ಬಿದ್ದವು.

ಮನೆಯಲ್ಲೂ ಬಿಡುಗಡೆಯಿರಲಿಲ್ಲ. ಊಟಕ್ಕೆ ಕೂತಾಗ ಅಕ್ಕನ ಮಗಳು ಅದೇ ಬೆಕ್ಕನ್ನು ತೋರಿಸಿದಳು. ಭಾವ ನೆತ್ತಿಗೇರುವಷ್ಟು ನಕ್ಕರು. ಅವಳು ತಟ್ಟೆ ಬಿಟ್ಟೆದ್ದಳು. ಏನಾಯ್ತೇ ಎಂದು ಅಕ್ಕ ಹಿಂದೆಯೇ ಬಂದಳು.

ಏನಿಲ್ಲ ಎಂದು ಅವಳು ಕೈ ತೊಳೆದುಕೊಂಡಳು.

ಅವನು ಮತ್ತೆ ಗ್ರಂಥಾಲಯದ ಕಡೆ ತಲೆಹಾಕಲಿಲ್ಲ. ಕೊನೆಗೆ ಅವಳೇ ವಿಚಾರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಮೈಕಿನಲ್ಲಿ ಯಾರೋ ಹುಡುಗಿಯ ದನಿ ಕೇಳುತ್ತಿತ್ತು. ಅವನಿದ್ದದ್ದು ಪಾರ್ಸೆಲ್ ಕೋಣೆಯಲ್ಲಿ.

ಬಾಗಿಲಲ್ಲಿ ಸಿಕ್ಕ ವಯಸ್ಸಾದ ಗುಮಾಸ್ತರು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು. ಅವನನ್ನು ಮತ್ತೆ ಮೈಕಿಗೆ ಕೂರಿಸಿ ನೋಡುವುದೆಂದು ಮಾತಾಗಿತ್ತಂತೆ. ಅಷ್ಟರಲ್ಲಿ ಆಫೀಸಿನವರ ಫೋನಿಗೂ ಆ ಬೆಕ್ಕು ಬಂತು. ಪ್ರಯಾಣಿಕರು ನಗುತ್ತಾರೆಂದು ಕೈಬಿಟ್ಟರು.

"ಈಗ ಯಾರ ಹತ್ರಾನೂ ಮಾತಾಡಲ್ಲಮ್ಮ," ಎಂದರು ಅವರು. "ಏನಿದ್ರೂ ಬರೆದು ತೋರಿಸ್ತಾನೆ."

ಅವನು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಕ್ಷಮೆ ಕೇಳಿದಳು, ಅಳಿಸಿದ್ದನ್ನು ಹೇಳಿದಳು, ಏನೆಲ್ಲ ಮಾಡಿದರೂ ಆಗದ್ದನ್ನೂ ಹೇಳಿದಳು. ಅವನು ಒಂದು ಚೀಟಿಯ ಹಿಂದೆ ಏನೋ ಗೀಚಿ ಮುಂದಕ್ಕೆ ತಳ್ಳಿದ.

'ಹೋಗಿ.'

ಅವಳು ತಿರುಗಿದಳು. ಬಾಗಿಲ ತನಕ ಹೋದಳು. ಅಲ್ಲೇ ನಿಂತಳು.

"ನಾನದನ್ನ ಹಾಕೋಕೆ ಅಂತ ಹಿಡ್ಕೊಂಡಿದ್ದಲ್ಲ," ಎಂದಳು ಗೋಡೆಯತ್ತಲೇ ನೋಡುತ್ತ. "ಮನೆಗೆ ಹೋಗಿ ಕೇಳೋಕೆ... ದಿನಾ ಕಪಾಟಿನ ಈಚೆ ನಿಂತ್ಕೊಂಡು ಕೇಳ್ತಿದ್ದೆ. ನಿಮ್ಮ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ, ಅಷ್ಟರಲ್ಲೇ ಇಷ್ಟ ಆಗಿಬಿಟ್ಟಿದ್ರಿ. ನನ್ನ ಹತ್ರ ಜೋಪಾನವಾಗಿದ್ದಿದ್ದನ್ನ ನಾನೇ ಬೀದಿಗೆ ಚೆಲ್ಲಿದೆ. ವಾಪಸ್ ತರೋಕೆ ನನ್ನ ಕೈಲಿ ಆಗ್ತಿಲ್ಲ... ಏನೂ ಆಗ್ತಿಲ್ಲ."

ಗುಮಾಸ್ತರು ಟೀ ತರುವ ನೆಪದಲ್ಲಿ ಹೊರಗೆ ಜಾರಿಕೊಂಡರು.

ಬೆನ್ನ ಹಿಂದೆ ಗಂಟಲು ಸರಿಪಡಿಸಿಕೊಂಡ ಸದ್ದು.

"ನಿಮಗೆ... ನಗು ಬರ್ಲಿಲ್ವಾ?"

ಅವಳು ತಟ್ಟನೆ ತಿರುಗಿದಳು. "ಒಂದ್ಸಲಾನೂ ಇಲ್ಲ."

"ಬೆಕ್ಕಿಂದು ನೋಡಿ... ನಂಗೇ ಬಂತು."

ಅವನ ತುಟಿಯಂಚು ಸ್ವಲ್ಪವೇ ಸಡಿಲವಾಯಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಒತ್ತರಿಸಿ ಬಂದವು.

"ನಿಮ್ಮ ಫೋನಲ್ಲಿ... ಇನ್ನೂ ಇದ್ಯಾ?"

"ಇದೆ."

"ಅಳಿಸಿ."

ಅವಳ ಬೆರಳು ತಡೆದು ನಿಂತಿತು. ಲೋಕದಲ್ಲಿ ಹರಿದಾಡುತ್ತಿದ್ದ ಯಾವುದೂ ಅವಳ ಮಾತು ಕೇಳಿರಲಿಲ್ಲ. ಪ್ರೀತಿಯಿಂದ ಇಟ್ಟುಕೊಂಡದ್ದು ಇದೊಂದೇ. ಅವಳ ಕೈಯಲ್ಲಿದ್ದದ್ದೂ ಇದೊಂದೇ. ಅವನ ಕಣ್ಣೆದುರೇ ಅಳಿಸಿದಳು.

"ಇನ್ಮೇಲೆ ಕೇಳ್ಬೇಕು ಅನ್ಸಿದ್ರೆ ಏನ್ ಮಾಡ್ಲಿ?"

ಅವನು ಪೆಟ್ಟಿಗೆಗಳ ನಡುವಿನಿಂದ ಒಂದು ಸ್ಟೂಲ್ ಎಳೆದು, ಧೂಳನ್ನು ಅಂಗೈಯಿಂದ ಒರೆಸಿದ.

"ಕೂತ್ಕೊಳ್ಳಿ," ಎಂದ. "ನನ್ನ ಮಾತು... ನಿಧಾನ ಆಗತ್ತೆ. ಪರ್ವಾಗಿಲ್ವಾ?"

"ನಂಗೇನೂ ಅವಸರ ಇಲ್ಲ," ಎಂದಳು ಅವಳು.