ಭೂಕಂಪ ತಿಳಿಯದ ಬಸಲಿಂಗವ್ವ

ಜನವರಿ ಇಪ್ಪತ್ತೈದರ ಭಾನುವಾರ ಮಧ್ಯಾಹ್ನ, ಬಿಲ್ಡಿಂಗಿನ ಮನೆಗಳಲ್ಲಿ ಅಡುಗೆ ಮಾಡುವ ಬಸಲಿಂಗವ್ವ ನಮ್ಮ ಬಾಗಿಲು ತಟ್ಟಿದಾಗ, ನಾನು ಇಬ್ಬರು ಮಕ್ಕಳ ವಾರದ ಯೂನಿಫಾರ್ಮುಗಳಲ್ಲಿ ಏಳನೆಯದಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಅವಳ ಕೈಯಲ್ಲಿ ರೊಟ್ಟಿಯ ಗಂಟಿತ್ತು. ಹೊಸ್ತಿಲ ಮೇಲೆಯೇ ನಿಂತು, "ಸಾಹೇಬ್ರು ಅದಾರೇನ್ರಿ ನೇತ್ರಾಬಾಯಿ?" ಎಂದಳು.

ಸಾಹೇಬರೆಂದರೆ ನನ್ನ ಮಾವ ಗುರಲಿಂಗಪ್ಪನವರು. ಮೂವತ್ತನಾಲ್ಕು ವರ್ಷ ಮುಂಬಯಿಯ ಲೋಕಲ್‌ಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. "ಎಲ್ಲಿ ಹತ್ತಿದಿ?" ಎಂಬ ಒಂದೇ ಪ್ರಶ್ನೆಗೆ ಲಕ್ಷ ಬಗೆಯ ಸುಳ್ಳುಗಳನ್ನು ಕೇಳಿದ ಕಿವಿ ಅವರದು. ವಿಲೆ ಪಾರ್ಲೆಯಲ್ಲಿದ್ದವರು ಎರಡು ವರ್ಷದ ಹಿಂದೆ ಜೋಗೇಶ್ವರಿಯ ನಮ್ಮ ಮನೆಗೆ ಬಂದರು. ಬಂದ ಮೇಲೆ ಈ ಬಿಲ್ಡಿಂಗಿನಲ್ಲಿ ನೀರಿನ ಟಾಕಿಯ ಮುಚ್ಚಳ ಕದ್ದವರನ್ನು ಹಿಡಿದಿದ್ದಾರೆ, ಸೆಕ್ರೆಟರಿಗೆ ಅನಾಮಧೇಯ ಪತ್ರ ಬರೆಯುತ್ತಿದ್ದುದು ಸ್ವತಃ ಸೆಕ್ರೆಟರಿಯೇ ಎಂದು ತೋರಿಸಿಕೊಟ್ಟಿದ್ದಾರೆ. ಪ್ರತಿಸಲವೂ ಜೊತೆಗೆ ಓಡಾಡಿದವಳು ನಾನು. ಇಂಥ ಮನುಷ್ಯನಿಗೆ ತನ್ನ ಕನ್ನಡಕ ಎಲ್ಲಿದೆಯೆಂಬುದು ಮಾತ್ರ ಇವತ್ತಿಗೂ ಪತ್ತೆಯಾಗುವುದಿಲ್ಲ. ಅದನ್ನು ಹುಡುಕುವ ಕೆಲಸವೂ ನನ್ನದೇ.

ಬಸಲಿಂಗವ್ವ ಹೇಳಿದ ಕತೆ ಇಷ್ಟು. ನಮ್ಮ ಬಿಲ್ಡಿಂಗಿನ ಮಲಪ್ರಭಾ ಬಳಗ ಬೆಳಗಾವಿ, ಧಾರವಾಡ, ವಿಜಯಪುರ ಕಡೆಯವರ ಸಂಘ. ಹತ್ತಿರದ ಆಸ್ಪತ್ರೆಗಳಿಗೆ ಊರಿಂದ ಬರುವ ರೋಗಿಗಳ ಮನೆಯವರಿಗಾಗಿ ಅದು ನೆಲಮಹಡಿಯಲ್ಲಿ ರೊಟ್ಟಿ ಖಾನಾವಳಿ ತೆರೆಯಲಿತ್ತು. ಅಡುಗೆಗೆ ಬಸಲಿಂಗವ್ವನೇ ಎಂದು ಎಲ್ಲರೂ ಒಪ್ಪಿದ್ದರು. ಆದರೆ ಕೀಲಿಕೈ ಅವಳ ಕೈಗೆ ಕೊಡುವ ಮಾತು ಬಂದಾಗ ಅಧ್ಯಕ್ಷ ಸೋಮನಾಥರು ಕೆಮ್ಮಿ, "ಹಳೇ ವಿಷಯ ಒಂದದಲ್ಲ" ಎಂದಿದ್ದರು. ನಿರ್ಧಾರ ನಾಳೆ, ಧ್ವಜಾರೋಹಣದ ನಂತರ.

ಹಳೇ ವಿಷಯ ಗುಜರಾತಿನಲ್ಲಿ ಭೂಕಂಪವಾದ ದಿನದ್ದು. ಎರಡು ಸಾವಿರದ ಒಂದನೇ ಇಸವಿಯ ಗಣರಾಜ್ಯೋತ್ಸವದ ಬೆಳಗ್ಗೆ ಬಳಗದ ಬೆಳ್ಳಿಯ ಕಪ್ ಕಳುವಾಗಿತ್ತು. ಹಗ್ಗಜಗ್ಗಾಟದಲ್ಲಿ ಮುಂಬಯಿಯ ಕನ್ನಡ ಸಂಘಗಳನ್ನೆಲ್ಲ ಸೋಲಿಸಿ ಗೆದ್ದ ಕಪ್ ಅದು. ಮೇಲೆ ತಂಡದ ನಾಯಕ ಕಾಶಿನಾಥರ ಹೆಸರು ಕೆತ್ತಿಸಿದ್ದರು. ಅಂದು ಕಾಶಿನಾಥರು ಅದನ್ನು ಕೈಯಲ್ಲಿ ಹಿಡಿದು ಭಾಷಣ ಮಾಡಬೇಕಿತ್ತು. ಕಪ್ ಇದ್ದದ್ದು ಮೂರನೇ ಮಹಡಿಯ ಆಫೀಸಿನಲ್ಲಿ, ಕೀಲಿ ಇದ್ದದ್ದು ಬಸಲಿಂಗವ್ವನ ಸೊಂಟದಲ್ಲಿ. ಎಂಟಕ್ಕೆ ಅವಳು ಬಾಗಿಲು ತೆಗೆದು, ಕಸ ಗುಡಿಸಿ, ಹೇಗೂ ಕಪ್ ಒಯ್ಯಲು ಬರುತ್ತಾರೆಂದು ತೆರೆದೇ ಬಿಟ್ಟು ಉಪ್ಪಿಟ್ಟು ಮಾಡಲು ಕೆಳಗಿಳಿದಳು. ಒಂಬತ್ತಕ್ಕೆ ಕಾಶಿನಾಥರು ಹೋಗಿ ನೋಡಿದರೆ ಕಪಾಟು ಖಾಲಿ.

"ಪೊಲೀಸ್ ಗಿಲೀಸ್ ಬ್ಯಾಡ ಅಂದ್ರು. ಕೂಡಿಸಿ ಕೇಳಿದ್ರು," ಎಂದಳು ಬಸಲಿಂಗವ್ವ. "ಎಂಟೂ ಮುಕ್ಕಾಲಕ್ಕ ಭೂಮಿ ನಡುಗಿತಲ್ಲ, ಆವಾಗ ಎಲ್ಲಿದ್ದಿ ಅಂದ್ರು. ಒಲಿ ಮುಂದ ಇದ್ದೆ, ನನಗ ನಡುಗಿದ್ದು ಗೊತ್ತಾಗಲಿಲ್ಲ ಅಂದೆ. ಎಲ್ಲಾರಿಗೂ ಗೊತ್ತಾಗೇದ, ನಿನಗೊಬ್ಬಾಕಿಗೆ ಗೊತ್ತಾಗಿಲ್ಲಂದ್ರ ಹ್ಯಾಂಗ, ಸುಳ್ಳ ಹೇಳ್ತಿ ಅಂದ್ರು."

ಅಂದಿನಿಂದ ಈ ಬಿಲ್ಡಿಂಗಿನ ನಲವತ್ತು ಮನೆಗಳಲ್ಲಿ ಯಾರೂ ಅವಳ ಕೈಗೆ ಕೀಲಿ ಕೊಟ್ಟಿಲ್ಲ. ಅವಳು ಅಡುಗೆ ಮಾಡುವಾಗ ಯಾರಾದರೊಬ್ಬರು ಮನೆಯಲ್ಲಿ ಕೂತಿರುತ್ತಾರೆ. ನಾನೂ ಕೂತಿದ್ದೇನೆ, ಏಕೆಂದು ಯೋಚಿಸದೆಯೇ. ಇಸ್ತ್ರಿಪೆಟ್ಟಿಗೆಯ ಕಡೆ ನೋಡುತ್ತ ನಿಂತೆ.

ಮಾವ ಅವಳ ರೊಟ್ಟಿಯೊಂದನ್ನು ಮುರಿದು ಬಾಯಿಗಿಟ್ಟು, "ನಿನ್ನೆ ಮಂಗಳವಾರ ನಾಲ್ಕಕ್ಕ ಎಲ್ಲಿದ್ದಿ ಅಂದ್ರ ಯಾರಿಗೂ ನೆನಪಿರೂದಿಲ್ಲ," ಎಂದರು. ನಿನ್ನೆ ಶನಿವಾರವಾಗಿತ್ತೆಂದು ನಾನು ತಿದ್ದಿದೆ. "ಅದನ್ನೇ ಹೇಳಾಕತ್ತೀನಿ. ಆದ್ರ ಆ ದಿವಸ ಎಲ್ಲಿದ್ದಿ ಅಂದ್ರ ಎಲ್ಲಾರಿಗೂ ನೆನಪು. ಇಂಥಾ ಕೇಸ್ ಯಾವ ಪೊಲೀಸಗೂ ಸಿಗೂದಿಲ್ಲ ನೇತ್ರಾ. ಕನ್ನಡಕ ಎಲ್ಲಿ?"

ಕನ್ನಡಕ ಸಿಕ್ಕ ಮೇಲೆ ಮೂರನೇ ಮಹಡಿಗೆ ಹೋದೆವು. ಆಫೀಸು ಹಳೆಯದು, ಸೂರು ಎತ್ತರ. ಉದ್ದನೆಯ ಕಂಬಿಗೆ ನೇತುಬಿದ್ದ ಫ್ಯಾನು ಕೈ ಎತ್ತಿದರೆ ತಾಗುವಷ್ಟು ಕೆಳಗಿತ್ತು. ಗೋಡೆಗೆ ಅದೇ ಹಳೆಯ ಎತ್ತರದ ಮರದ ಕಪಾಟು. ಮಾವ ಕೊಡೆಯ ತುದಿಯಿಂದ ಫ್ಯಾನನ್ನು ದೂಡಿದರು. ಅದು ತೊಟ್ಟಿಲಿನಂತೆ ತೂಗಿತು, ಕಪಾಟಿಗೆ ತಾಗಲಿಲ್ಲ. ಆಮೇಲೆ ಕಪಾಟಿನ ಬಾಗಿಲು ಪೂರ್ತಿ ತೆರೆದು ಮತ್ತೆ ದೂಡಿದರು. ಈ ಸಲ ರೆಕ್ಕೆ ಬಾಗಿಲಿನ ಮೇಲ್ತುದಿಗೆ ಟಕ್ಕೆಂದು ಬಡಿಯಿತು. ಬಡಿದ ಜಾಗದಲ್ಲಿ ಮೊದಲೇ ಒಂದು ಹಳೆಯ ಕಚ್ಚು ಇತ್ತು. ಅದರ ಮೇಲೆ ಮೂರು ಸಲದ ಬಣ್ಣ ಕೂತಿತ್ತು.

"ಬಣ್ಣ ಯಾವಾಗ ಯಾವಾಗ ಹಚ್ಚಿದ್ರು ಕೇಳು," ಎಂದರು. ಕೇಳಿದೆ. ಮೊದಲನೆಯದು ಕಪ್ ಕಳುವಾದ ವರ್ಷದ ದೀಪಾವಳಿಗಂತೆ.

ಮರುದಿನ ಧ್ವಜ ಏರಿತು. ಗುಜರಾತಿನಲ್ಲಿ ಸತ್ತವರಿಗಾಗಿ ಎರಡು ನಿಮಿಷ ಮೌನವಾಯಿತು. ಆಮೇಲೆ ಕೆಳಗಿನ ಹಾಲ್‌ನಲ್ಲಿ ಉಪ್ಪಿಟ್ಟು ತಿನ್ನುತ್ತ, ಪ್ರತಿವರ್ಷದ ಪದ್ಧತಿಯಂತೆ ಹಿರಿಯರು ಆ ದಿನ ತಾವೆಲ್ಲಿದ್ದೆವೆಂದು ಹೇಳತೊಡಗಿದರು. ಈ ಕತೆಗಳು ವರ್ಷದಿಂದ ವರ್ಷಕ್ಕೆ ಮಕ್ಕಳಂತೆ ಬೆಳೆದಿವೆ. ದಾನಪ್ಪನವರು ಅಂದು ಧ್ವಜಸ್ತಂಭದ ಬುಡದಲ್ಲಿ ನಿಂತಿದ್ದರು. ಸ್ತಂಭ ವಾಲಿತು, ತಬ್ಬಿ ಹಿಡಿದು ದೇಶದ ಮಾನ ಉಳಿಸಿದರು. ಹೋದ ವರ್ಷ ಒಂದು ಕೈಯಲ್ಲಿ ಉಳಿಸಿದ್ದರು. ಕಾಶಿನಾಥರು ಅಂಗಳದಲ್ಲಿ ಮೈಕ್ ಮುಂದಿದ್ದರು. ಭೂಮಿಯೊಳಗಿನ ಸದ್ದು ಮೈಕಿನಲ್ಲಿ ಕೀಂ ಎಂದು ಬಂತಂತೆ. ನಮ್ಮ ಮೈಕು ಪ್ರತಿವರ್ಷವೂ ಹಾಗನ್ನುತ್ತದೆ.

ಅಧ್ಯಕ್ಷ ಸೋಮನಾಥರದು ಎಲ್ಲರೂ ಕಾಯುವ ಕತೆ. ಆಗ ಅವರು ಪರೇಲಿನಲ್ಲಿದ್ದರು. ಧ್ವಜಾರೋಹಣಕ್ಕೆಂದು ಲೋಕಲ್‌ನಲ್ಲಿ ಬರುತ್ತಿದ್ದರು. ಎದ್ದು ನಿಂತು, ಕಣ್ಣು ಮುಚ್ಚಿ ಹೇಳಿದರು:

"ಪಾರ್ಲೆ ದಾಟಿತ್ತು. ಎಂಥಾ ಗರ್ದಿ ಅಂತೀರಿ, ಕಾಲಿಡಾಕ ಜಾಗಾ ಇಲ್ಲ. ಏಕ್ದಂ ಮೈಯೆಲ್ಲಾ ಒಂಥರಾ ಆತು. ಮ್ಯಾಲೆ ನೋಡ್ತೀನಿ, ಫ್ಯಾನ್ ಬಂದ್ ಅದ, ಆದ್ರ ತೊಟ್ಟಿಲ ತೂಗಿಧಾಂಗ ತೂಗಾಕತ್ತೇದ. ಆವಾಗ ಅಂದೆ, ಇದು ಭೂಕಂಪ."

ಚಪ್ಪಾಳೆಯಾಯಿತು. ಬಸಲಿಂಗವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಸೋಮನಾಥರು ಇನ್ನು ಕೀಲಿಯ ವಿಷಯ ತೆಗೆದುಕೊಳ್ಳೋಣ ಎಂದಾಗ ಮಾವ ಎದ್ದರು. ತಾವು ಆ ದಿನ ಇಲ್ಲಿರಲಿಲ್ಲ, ಹಾಗಾಗಿ ಹೇಳಲು ಕತೆಯಿಲ್ಲ, ನಿಮ್ಮ ಕತೆಗಳ ಟಿಕೆಟ್ ಮಾತ್ರ ತಪಾಸಣೆ ಮಾಡುತ್ತೇನೆ ಎಂದರು. ಜನ ನಕ್ಕು ಕುರ್ಚಿ ಹತ್ತಿರ ಎಳೆದುಕೊಂಡರು.

ಮೊದಲು ದಾನಪ್ಪನವರಿಗೆ ಕೇಳಿದರು: ಆ ದಿನ ಅಂಗಳದಲ್ಲಿದ್ದ ನೂರು ಜನರಲ್ಲಿ ಭೂಕಂಪ ಎಂದು ಮೊದಲು ಕೂಗಿದವರು ಯಾರು? ದಾನಪ್ಪನವರು ಯೋಚಿಸಿ, ಎದುರಿನ ಬಿಲ್ಡಿಂಗಿನ ಆರನೇ ಮಹಡಿಯವರು ಟವೆಲ್ ಸುತ್ತಿಕೊಂಡು ಓಡಿ ಬಂದು ಹೇಳಿದರು ಎಂದರು. ಮಾವ ತಲೆಯಾಡಿಸಿದರು. ಅಂದು ಮುಂಬಯಿಯಲ್ಲಿ ಭೂಮಿ ಅಲುಗಿದ್ದು ತಿಳಿದದ್ದು ಹೆಚ್ಚಾಗಿ ಮೇಲಿನ ಮಹಡಿಯವರಿಗೆ. ನೆಲದ ಮೇಲಿದ್ದವರಿಗೆ ಅದು ತಿಳಿದದ್ದು ಟವೆಲ್ಲಿನವರಿಂದ. ಹಾಗಾದರೆ ನೆಲಮಹಡಿಯ ಒಲೆಯ ಮುಂದಿದ್ದ ಬಸಲಿಂಗವ್ವನಿಗೆ ಗೊತ್ತಾಗಬೇಕಾದರೂ ಯಾಕೆ?

"ನೀವೆಲ್ಲಾ ಸುಳ್ಳ ಹೇಳಿದ್ರಿ, ಆಕಿ ಖರೇ ಹೇಳಿದಳು. ಒಬ್ಬಾಕಿನೇ ಬ್ಯಾರೆ ಹೇಳಿದಳಂತ ಕಳ್ಳಿ ಮಾಡಿದ್ರಿ."

ಮಾವ ಕಪಾಟಿನ ಕಚ್ಚಿನ ಬಗ್ಗೆ ವಿವರಿಸಿದರು. ಬಾಗಿಲು ಮುಚ್ಚಿದ್ದರೆ ಫ್ಯಾನು ಅದಕ್ಕೆ ತಾಗುವುದಿಲ್ಲ. ಕಚ್ಚಿನ ಮೇಲೆ ಆ ವರ್ಷದ ಬಣ್ಣವಿದೆ, ಅಂದರೆ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲು. ಭೂಮಿ ನಡುಗಿದ ಗಳಿಗೆಯಲ್ಲಿ ಕಪಾಟು ತೆರೆದಿತ್ತು, ತೆರೆದವನು ಅದರ ಮುಂದೆಯೇ ಇದ್ದ ಎಂಬುದು ಅವರ ಊಹೆ. ಹಾಗಿದ್ದರೆ ಅವನು ತೂಗುವ ಫ್ಯಾನನ್ನು ನೋಡಿರಲೇಬೇಕು.

"ಈಗ ಅಧ್ಯಕ್ಷರ ಟಿಕೆಟ್," ಎಂದರು. "ಜನವರಿ ಇಪ್ಪತ್ತಾರು ಸರ್ಕಾರಿ ರಜಾ. ಆ ದಿವಸ ಮುಂಜಾನೆ ಲೋಕಲ್‌ನ್ಯಾಗ ಮಲಗಿಕೊಂಡು ಬರಬಹುದು, ಗರ್ದಿ ಎಲ್ಲಿಂದ ಬಂತು? ಅದೂ ಹೋಗ್ಲಿ. ಕುಣಿಯೂ ಡಬ್ಬಿಯೊಳಗ ನಿಂತವಗ ಭೂಮಿ ಕುಣಿದದ್ದು ಹ್ಯಾಂಗ ಗೊತ್ತಾತು? ಲೋಕಲ್‌ನ ಫ್ಯಾನ್ ಜಾಳಿಯೊಳಗ ಸೂರಿಗೆ ಬಿಗಿದಿರ್ತಾವ. ತೂಗೂದು ದೂರ ಉಳೀತು, ತಿರುಗಬೇಕಂದ್ರನೇ ಬಾಚಣಿಗಿ ತುರುಕಿ ದೂಡಬೇಕು."

ಎಲ್ಲರೂ ನಕ್ಕರು. ಬಾಚಣಿಗೆ ತುರುಕದವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ. ಸೋಮನಾಥರೂ ನಗಲು ನೋಡಿದರು. ಕತೆ ಹೇಳುವಾಗ ಒಂದು ಮಾತು ಹೆಚ್ಚು ಕಡಿಮೆ ಬರುತ್ತದೆ, ಫ್ಯಾನು ಎಲ್ಲೋ ಟಿವಿಯಲ್ಲಿ ಕಂಡದ್ದಿರಬೇಕು ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಗೆಲ್ಲುತ್ತಿದ್ದರೋ ಏನೋ.

ಮಾವ ಒಪ್ಪಿಕೊಂಡವರಂತೆ ಕೂತರು. "ಇರಬಹುದು ಬಿಡ್ರಿ. ನಿಮಗ ಆ ದಿವಸದ ನೆನಪು ಸರಿಯಾಗಿ ಉಳಿದಿಲ್ಲ. ಮೂರನೇ ಮಜಲಿನ ಫ್ಯಾನ್ ಸೈತ ಅಷ್ಟೇನೂ ತೂಗಿರಲಿಕ್ಕಿಲ್ಲ. ಬೆರಳಷ್ಟು ಅಲುಗಿರಬೇಕು. ಕಪಾಟಿನ ಆ ಕಚ್ಚೂ ಇಲಿ ಕಡಿದದ್ದಿರಬೇಕು."

ಸೋಮನಾಥರ ಮುಖ ಕೆಂಪಾಯಿತು. ಇಪ್ಪತ್ತೈದು ವರ್ಷ ಚಪ್ಪಾಳೆ ಗಿಟ್ಟಿಸಿದ ನೆನಪನ್ನು ಯಾರಾದರೂ ಬೆರಳಷ್ಟು ಮಾಡಿದರೆ ಯಾರು ತಾಳಿಯಾರು?

"ಬೆರಳಷ್ಟೇನ್ರಿ? ಮೊಳದುದ್ದ ತೂಗಿತ್ತು. ಬಾಗಲದ ತುದಿಗೆ ಬಡದು ಕಟ್ಟಿಗಿ ಚೂರು ನನ್ನ ತಲಿ ಮ್ಯಾಲೆ..."

ಅಲ್ಲಿಗೆ ನಿಲ್ಲಿಸಿದರು. ತಲೆಗೆ ಹೋಗಿದ್ದ ಕೈ ತಲೆಯ ಮೇಲೆಯೇ ಉಳಿಯಿತು.

ಮುಂದಿನದನ್ನು ಅವರು ಕುರ್ಚಿಯಲ್ಲಿ ಕುಸಿದು, ಯಾರ ಮುಖವನ್ನೂ ನೋಡದೆ ಹೇಳಿದರು. ಹಗ್ಗಜಗ್ಗಾಟದಲ್ಲಿ ಕಡೆಯ ಮನುಷ್ಯ ತಾವು. ಹಗ್ಗ ಸೊಂಟಕ್ಕೆ ಸುತ್ತಿಕೊಂಡು, ನಾಯಕ ಕಾಶಿನಾಥರೂ ಸೇರಿ ಮುಂದಿನವರೆಲ್ಲ ಜಾರಿ ಬಿದ್ದರೂ ನಿಂತವರು. ಕಪ್ಪಿನ ಮೇಲೆ ಹೆಸರು ಮಾತ್ರ ಕಾಶಿನಾಥರದು. ಅದನ್ನು ಹಿಡಿದು ಭಾಷಣ ಬೇರೆ. ಒಂದು ಗಂಟೆ ಬಚ್ಚಿಟ್ಟು ಭಾಷಣ ಕೆಡಿಸೋಣ ಎಂದುಕೊಂಡು ಹೋಗಿದ್ದರಂತೆ. ಭೂಮಿ ನಡುಗಿತು. ಕಪ್ ಅಪ್ಪಿಕೊಂಡು ಹಿಂದಿನ ಮೆಟ್ಟಿಲಿನಿಂದ ಓಡಿದವರು ಸ್ಟೇಷನ್‌ನಲ್ಲೇ ನಿಂತರು. ಕಪ್ಪನ್ನು ಚೀಲದಲ್ಲಿ ಅಡಗಿಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಬಸಲಿಂಗವ್ವನ ವಿಚಾರಣೆ ನಡೆದಿತ್ತು.

"ಆವಾಗ ಹೇಳಬೇಕಿತ್ತು," ಎಂದರು. "ನಾಳೆ ಹೇಳೋಣ ಅಂದೆ. ನಾಳೆಗೆ ನಾಚಿಕಿ ಇನ್ನೂ ದೊಡ್ಡದಾತು."

ಅವರ ಹೆಂಡತಿ ಶೈಲಾ ಮೆಲ್ಲಗೆ ಎದ್ದರು. "ಅಟ್ಟದ ಮ್ಯಾಲಿನ ಹಾಸಿಗಿ ಗಂಟು ಬಿಚ್ಚಿದ್ರ ಮನಿಗೆ ಒಳ್ಳೇದಲ್ಲ ಅಂತ ಸ್ವಾಮಿಗಳು ಹೇಳ್ಯಾರ ಅಂತಿದ್ರಿ. ಯಾವ ಸ್ವಾಮಿಗಳು ಅಂತ ನಾನೂ ಕೇಳಲಿಲ್ಲ," ಎಂದು ಮನೆಗೆ ಹೋದರು. ಹತ್ತು ನಿಮಿಷದಲ್ಲಿ ಕಪ್ ಮೇಜಿನ ಮೇಲಿತ್ತು, ಕರಿಹಿಡಿದು ದೋಸೆಹಂಚಿನಂತಾಗಿತ್ತು. ಕಾಶಿನಾಥರು ಅದನ್ನು ಎತ್ತಿಕೊಂಡು ಗಂಟಲು ಸರಿಮಾಡಿಕೊಂಡರು. ಯಾರೋ ಅವರ ತೋಳು ಹಿಡಿದು ಕೂರಿಸಿದರು.

ಸೋಮನಾಥರು ಖಾನಾವಳಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ನಡೆದರು. ಬಸಲಿಂಗವ್ವ ತೆಗೆದುಕೊಳ್ಳಲಿಲ್ಲ. ಸೌಟನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಹಾಲ್‌ನ ನಡುವೆ ಬಂದು ಖಾಲಿಯಿದ್ದ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು.

"ಪ್ರತಿವರ್ಷ ಎಲ್ಲಾರನ್ನೂ ಕೇಳ್ತೀರಿ," ಎಂದಳು. "ನನ್ನನ್ನೂ ಕೇಳ್ರಿ."

ಸೋಮನಾಥರೇ ಕೇಳಿದರು. "ಆ ದಿವಸ ನೀ ಎಲ್ಲಿದ್ದೆವ್ವಾ ಬಸಲಿಂಗವ್ವಾ?"

"ಇಲ್ಲೇ, ಒಲಿ ಮುಂದ. ಉಪ್ಪಿಟ್ಟು ತಿರುವಾಕತ್ತಿದ್ದೆ. ಭೂಮಿ ನಡುಗಿದ್ದು ನನಗ ಗೊತ್ತಾಗಲಿಲ್ಲ. ಸಂಜೀಕ ಟಿವಿಯೊಳಗ ಆ ಮಂದೀನ್ನ ನೋಡಿದೆ, ಮಣ್ಣಾಗಿಂದ ಕೂಸುಗಳನ್ನ ತಗೀತಿದ್ರು. ಆವಾಗ ಗೊತ್ತಾತು."

ಬಹಳ ಹೊತ್ತು ಮೌನ. ಧ್ವಜದ ಕೆಳಗೆ ನಾವು ಗಡಿಯಾರ ನೋಡುತ್ತ ನಿಂತ ಎರಡು ನಿಮಿಷಕ್ಕಿಂತ ಅದು ದೊಡ್ಡದಿತ್ತು. ಆಮೇಲೆ ದಾನಪ್ಪನವರು ತಟ್ಟೆಯನ್ನು ನೋಡುತ್ತ, "ಖರೇ ಹೇಳಬೇಕಂದ್ರ, ನನಗೂ ಏನೂ ಗೊತ್ತಾಗಲಿಲ್ಲ," ಎಂದರು. ತಮಗೂ ಇಲ್ಲವೆಂದರು ಕಾಶಿನಾಥರು. ಹಿಂದಿನ ಸಾಲಿನಿಂದ ಒಂದೊಂದೇ ಧ್ವನಿ, ನನಗೂ, ನನಗೂ.

ಬಸಲಿಂಗವ್ವ ಎದ್ದು ಸೋಮನಾಥರ ಕೈಯಿಂದ ಕೀಲಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಆತು ಬಿಡ್ರಿ," ಎಂದಳು. "ನಾಳೆ ಎಷ್ಟು ಮಂದಿ ಊಟಕ್ಕ ಬರ್ತಾರ, ಅದನ್ನಾದ್ರೂ ಒಬ್ಬರು ಖರೇ ಹೇಳ್ರಿ."